ಹೊಸ್ತಿಲಾಚೆಯ ಶೂ

ವಿಜಯನಗರ, ಬೆಂಗಳೂರು
9 ಜುಲೈ 2025

ಪ್ರೀತಿಯ ಅತ್ತೆ,

ನಿಮ್ಮ ಪಾದಗಳಿಗೆ ಶರಣು. ಪೊರೆ ತೆಗೆಸಿದ ಕಣ್ಣು ಹೇಗಿದೆ? ಓದಲು ಆಗುತ್ತಿದೆಯೇ? ಡ್ರಾಪ್ಸನ್ನು ಮೈದುನ ಚನ್ನವೀರೇಶನ ಕೈಯಲ್ಲೇ ಹಾಕಿಸಿಕೊಳ್ಳಿ. ನೀವೇ ಹಾಕಿಕೊಂಡರೆ ಕೆನ್ನೆಗೆ ಹೆಚ್ಚು, ಕಣ್ಣಿಗೆ ಕಡಿಮೆ. ಇಲ್ಲಿ ನಿಮ್ಮ ಮಗ ಕ್ಷೇಮ. ಫೋನಿನಲ್ಲಿ ನಿಮಗೆ ಏನೂ ಕೇಳಿಸದು, ಅದಕ್ಕೇ ಈ ಕಾಗದ.

ನಿಮ್ಮ ಮೊಮ್ಮಗಳು ಏಳು ತುಂಬಿದ ಮೇಲೆ ಒಮ್ಮೆಲೇ ಉದ್ದವಾಗಿದ್ದಾಳೆ. ಹುಟ್ಟಿನಿಂದ ಬಿಗಿದ ಕಾಲಲ್ಲವೇ, ಮೂಳೆ ಬೆಳೆದ ವೇಗಕ್ಕೆ ಸ್ನಾಯು ಬೆಳೆಯುತ್ತಿಲ್ಲವಂತೆ. ಶನಿವಾರ ಫಿಸಿಯೋಥೆರಪಿಯ ರಾಗಿಣಿ ಅವಳ ಪಾದವನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಒತ್ತಿದರು. ಅದು ಬಾಗಲಿಲ್ಲ. ವಚನಾಳ ಹಿಮ್ಮಡಿ ಈಗ ನೆಲ ಮುಟ್ಟುತ್ತಿಲ್ಲ ಅತ್ತೆ. ವಾಕರ್ ಹಿಡಿದರೂ ಬೆರಳ ತುದಿಯ ಮೇಲೇ ನಿಲ್ಲುತ್ತಾಳೆ. ಪಾದವನ್ನು ಬಾಗಿಸಿ ಹಿಡಿದಿಡುವ ಸ್ಪ್ಲಿಂಟ್ ಯಾವಾಗ ಹಾಕುತ್ತೀರಿ ಎಂದು ಕೇಳಿದರು. ಹೊರಗೆ ಹೋಗುವಾಗಲೆಲ್ಲ ತಪ್ಪದೆ ಹಾಕುತ್ತೇವೆ ಎಂದು ನಿಮ್ಮ ಮಗ ಹೆಮ್ಮೆಯಿಂದ ಹೇಳಿದರು. ರಾಗಿಣಿ ಹಿಡಿದ ಪಾದ ಬಿಡದೆಯೇ, "ಮತ್ತೆ ಮನೇಲಿ?" ಅಂದರು.

ಮನೆಯಲ್ಲಿ ಯಾರು ತಾನೇ ಹಾಕುತ್ತಾರೆ? ಸ್ಪ್ಲಿಂಟಿನ ಪ್ಲಾಸ್ಟಿಕ್ ಜಾರದಿರಲು ಮೇಲೆ ಶೂ ಬೇಕು. ಶೂ ಅಂದ ಮೇಲೆ ಅದು ಹೊಸ್ತಿಲಾಚೆ. "ಒಳಗ ದೇವ್ರದಾನ, ಕೆರ ಹೊರಗ ಬಿಡವ್ವಾ" ಎಂಬ ನಿಮ್ಮ ಮಾತನ್ನು ಅವಳು ಅಕ್ಷರಕ್ಕೆ ಮೊದಲೇ ಕಲಿತಳು. ಪಟ್ಟಿ ಬಿಡಿಸಿ, ಅಪ್ಪನ ಚಪ್ಪಲಿಯ ಪಕ್ಕ ಅಚ್ಚುಕಟ್ಟಾಗಿ ಜೋಡಿಸಿಟ್ಟು ತೆವಳುತ್ತ ಒಳಗೆ ಬರುತ್ತಿದ್ದಳು. ಬಂದವರೆಲ್ಲ ಎಂಥ ಸಂಸ್ಕಾರ ಅನ್ನುತ್ತಿದ್ದರು. ದಿನದ ಹೆಚ್ಚು ಹೊತ್ತು ಅವಳು ಇರುವುದು ಮನೆಯೊಳಗೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಈಗ ಮನೆಯೊಳಗೆಂದೇ ಹೊಸ ಶೂ ತಂದಿದ್ದೇವೆ, ಬೀದಿಯ ಧೂಳು ಕಾಣದ್ದು. ಅವಳು ಒಪ್ಪುವುದಿಲ್ಲ. "ಶೂ ಶೂನೇ ಅಲ್ವಾಮ್ಮಾ" ಅನ್ನುತ್ತಾಳೆ. ರಮಿಸಿದೆ, ಗದರಿದೆ. ಹಿಡಿದು ಕಟ್ಟಿದರೆ ದೇವರ ಕೋಣೆಯ ಕಡೆ ನೋಡುತ್ತ ಅಳುತ್ತಾಳೆ. ಅತ್ತಷ್ಟೂ ಕಾಲು ಇನ್ನೂ ಸೆಟೆಯುತ್ತದೆ. ಕೈಬಿಟ್ಟು ಕೂರುತ್ತೇನೆ. ಶ್ರಾವಣ ಮುಗಿಯುವುದರೊಳಗೆ ಪಾದ ಬಗ್ಗದಿದ್ದರೆ ಆಪರೇಷನ್ ಮಾಡಬೇಕಾಗಬಹುದು ಎಂದಿದ್ದಾರೆ ಡಾಕ್ಟರು. ಇಷ್ಟೆಲ್ಲ ಕಾವ್ಯ ಓದಿದವಳು, ಒಂದು ಮಗು ನಂಬುವಂತೆ ದೇವರ ಬಗ್ಗೆ ಎರಡು ಮಾತು ಹೇಳಲು ನನಗೆ ಬರುತ್ತಿಲ್ಲ.

ಚನ್ನವೀರೇಶನನ್ನೂ ಸೌಂದರ್ಯಾಳನ್ನೂ ಕೇಳಿದೆನೆಂದು ಹೇಳಿ. ಬಿಸಿಲಿಗೆ ಕಪ್ಪು ಕನ್ನಡಕ ಮರೆಯಬೇಡಿ. ನಮ್ಮ ಮೂವರ ಮೇಲೂ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ಸುಮಂಗಲಾ

ತಾ.ಕ.: ಅಜ್ಜಿಯೇ ಫೋನಿನಲ್ಲಿ, ಶೂ ಹಾಕಿಕೋ ಅಂದರು ಎಂದು ನಿನ್ನೆ ಅವಳಿಗೆ ಸುಳ್ಳು ಹೇಳಿದೆ. "ಅಜ್ಜಿಗೆ ಫೋನ್ ಕೇಳ್ಸಲ್ಲ" ಅಂದವಳು ಆಮೇಲೆ ನನ್ನೊಡನೆ ಮಾತಾಡಿಲ್ಲ. ಶೂ ಹಾಕಿಕೊಂಡೇ ಒಳಗೆ ಬಾ ಎಂದು ನೀವೇ ಅವಳಿಗೆ ಎರಡು ಸಾಲು ಬರೆದು ಕಳಿಸಿ. ಅಕ್ಷರ ಸೊಟ್ಟಗಾದರೂ ಸರಿ, ನಿಮ್ಮ ಕೈಯದೇ ಆಗಿರಲಿ. ಮನಸ್ಸು ಒಪ್ಪದಿದ್ದರೂ ಬರೆಯಿರಿ ಅತ್ತೆ. ಪಾಪ ಬಂದರೆ ನನಗಿರಲಿ.