ಬಾಗಿಲು ನೋಡುವ ಬೊಂಬೆ

ಗದಗ, ನೆರಳುಬೀದಿ
ಇಸವಿ ೨೩೧೨, ಹದಿಮೂರನೆಯ ತಿಂಗಳು, ಎರಡನೆಯ ದಿನ

ನಮಗಿಂತ ಮುನ್ನೂರು ವರ್ಷ ಮೊದಲು ಮಕ್ಕಳನ್ನು ಹೆತ್ತವರಿಗೆ ಬಸಲಿಂಗವ್ವನ ಶರಣು.

ಹದಿಮೂರನೆಯ ತಿಂಗಳೆಂದು ಹುಬ್ಬೇರಿಸಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಒಂದನ್ನು ಹೆಚ್ಚು ಮಾಡಿಕೊಂಡೆವು. ನಿಮಗೆ ತಿಳಿಯದ ಪದ ಬಂದರೆ ಮನ್ನಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಓದಿದವಳಲ್ಲ, ಸಂತೆಯಲ್ಲಿ ಕೂಗಿ ಕೂಗಿ ಅಂಗಡಿ ಕಟ್ಟಿದವಳು. ಗಿರಾಕಿಯ ಬಾಯಿ ಒಂದು ಹೇಳುವಾಗ ಕಣ್ಣು ಏನು ಹೇಳುತ್ತಿದೆ ಎಂದು ನೋಡುವುದು ನನ್ನ ಚಾಳಿ. ಅದೇ ಚಾಳಿಯಿಂದ ಈಗ ನಿಮ್ಮನ್ನು ನೋಡುತ್ತಿದ್ದೇನೆ.

ಮಗು ಆಡಲು ಕರೆದಾಗ ನೀವು ಕೊಡುತ್ತಿದ್ದ ಉತ್ತರ ನಮ್ಮವರೆಗೂ ಬಂದಿದೆ: ಪುರುಸೊತ್ತಿಲ್ಲ. ನಾವು ಪಾಪದವರು, ಅದನ್ನು ನಂಬಿ ಪುರುಸೊತ್ತನ್ನೇ ಸಂಪಾದಿಸಿದೆವು. ಈಗ ಗೋಡೆಯೊಲೆ, ಅಂದರೆ ಗೋಡೆಯೊಳಗೇ ಕೂತ ಒಲೆ, ತಾನೇ ರೊಟ್ಟಿ ಬಡಿಯುತ್ತದೆ. ಬಟ್ಟೆ ಬಿಸಿಲಿಗೆ ತಾನೇ ಕೊಳೆ ಉದುರಿಸುತ್ತದೆ. ದುಡಿಮೆ ಬೆಳಗಿನ ತಂಪಿನಲ್ಲೇ ಮುಗಿದು, ಉಳಿದ ಹೊತ್ತೆಲ್ಲ ಚಾವಣಿ ಹೊದಿಸಿದ ಬೀದಿಯಲ್ಲಿ ಹರಟೆ. ಆದರೂ ಮಗು ಕರೆದರೆ ನಮಗೆ ಸೊಂಟ ನೋಯುತ್ತದೆ, ಆಕಳಿಕೆ ಬರುತ್ತದೆ. ಹಾಗಾದರೆ ನೀವು ಮುಚ್ಚಿಟ್ಟದ್ದೇನು?

ನಾನು ಮಾರುವುದು ಕೂಡಾಟಿ. ಮಗುವಿನ ಜೊತೆ ಆಡಲೆಂದೇ ಮಾಡಿದ ಆಳೆತ್ತರದ ಅರಿವೆ ಬೊಂಬೆ ಅದು. ಮನೆಗೆ ತಂದ ದಿನ 'ಅಚ್ಚು ಕೊಡುವ' ಪದ್ಧತಿಯಿದೆ: ತಾಯಿಯೋ ತಂದೆಯೋ ಬೊಂಬೆಯ ಎದುರು ಒಂದು ಸಲ ಮಗುವಿನೊಡನೆ ಆಡಬೇಕು. ಬೊಂಬೆ ಅದನ್ನು ನೋಡಿ ಮುಂದೆ ಹಾಗೆಯೇ ಆಡುತ್ತದೆ. ಈಚೆಗೆ ದೂರುಗಳು ಬರತೊಡಗಿದವು. ಹಿಂದಿನ ಓಣಿಯ ಇಮಾಮಸಾಬರು ಬೊಂಬೆಯನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಮುಂದೆ ಕೆಡವಿದರು.

"ಅಕ್ಕಾರ, ಎಂಥಾ ಮಾಲು ಕೊಟ್ಟೀರಿ? ತುಸು ಆಡತೈತಿ, ಆಮ್ಯಾಲೆ ಬರೇ ಬಾಗಲಾ ನೋಡತೈತಿ. ಅದಕ್ಕೇನ್ ಬೀಗರು ಬರೋರದಾರೇನು?"

ಕಾರ್ಖಾನೆಯವರು ಮೋಸ ಮಾಡಿದ್ದಾರೆಂದು ಹೊಲಿಗೆ ಬಿಚ್ಚಿ ನೋಡಿದೆ. ಒಳಗೆಲ್ಲ ಸರಿಯಿತ್ತು. ಇಮಾಮಸಾಬರ ಮೇಲೇ ಅನುಮಾನಪಡುತ್ತ ಮನೆಗೆ ಬಂದರೆ, ನನ್ನ ನಾಲ್ಕು ವರ್ಷದ ಮಗಳು ಚಿನ್ನವ್ವ ನಮ್ಮ ಮನೆಯ ಕೂಡಾಟಿಯನ್ನು ಮಡಚಿ ಕಪಾಟಿನ ಹಿಂದೆ ತುರುಕಿ, ಮಂಚದ ಕೆಳಗೆ ಒಬ್ಬಳೇ ಆಡುತ್ತಿದ್ದಳು. ಯಾಕೆಂದು ಕೇಳಿದೆ.

"ಅದು ಥೇಟ್ ನಿನ್ನಂಗ ಐತಿ ಯವ್ವಾ. ಎಮ್ಮಿ ಆಗು ಅಂದ್ರ, ಎಮ್ಮಿಗಿ ಎಷ್ಟ್ ಕಾಲು ಅಂತ ನನ್ನ ಕೇಳತೈತಿ. ಬಾಗಲಾ ನೋಡತೈತಿ."

ನಾನೇ ಬರಲೇ ಎಂದೆ.

"ಬ್ಯಾಡ. ನಿನಗ ಬ್ಯಾಸರಾಗತೈತಿ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಕನಿಕರದಿಂದ ಹೇಳಿದಳು. ಹೀಗೇ ಬಿಟ್ಟರೆ ನನ್ನನ್ನು ಕರೆಯುವುದನ್ನೇ ಮರೆತಾಳು ಎಂದು ಹೆದರಿದೆ.

ನಮ್ಮ ಬೊಂಬೆಗೆ ಅಚ್ಚು ಕೊಟ್ಟವಳು ನಾನೇ. ಅನುಮಾನ ಆಗ ಬೊಂಬೆಯಿಂದ ನನ್ನ ಕಡೆಗೆ, ನನ್ನಿಂದ ನಿಮ್ಮ ಕಡೆಗೆ ತಿರುಗಿತು. ಮಗುವಿನ ಆಟದಲ್ಲಿ ನಮ್ಮ ಜಾಣತನ ನಡೆಯುವುದಿಲ್ಲ. ಯಜಮಾನಿಕೆ ಮಗುವಿನದು. ಆಡಿದ್ದನ್ನೇ ಆಡಬೇಕು, ಕೊನೆಗೆ ಕೈಗೆ ಏನೂ ಹತ್ತುವುದಿಲ್ಲ. ಹಾಗಾಗಿ ಅದನ್ನು ಪಾಠ ಮಾಡಿಬಿಡುತ್ತೇವೆ, ಇಲ್ಲವೇ ಯಾವಾಗ ಮುಗಿದೀತೆಂದು ಕಾಯುತ್ತೇವೆ. ಬೇಸರ ಬಂತು ಎನ್ನಲು ನಾಚಿಕೆ. ಮಗುವಿನ ಮೇಲೆ ಪ್ರೀತಿಯಿಲ್ಲವೆಂದು ಯಾರಾದರೂ ತಿಳಿದುಬಿಟ್ಟರೆ? ನಿಮಗೂ ಇದೇ ಹೆದರಿಕೆ ಇತ್ತೆಂದು ನನ್ನ ಗುಮಾನಿ. ಅಲ್ಲಗಳೆಯಲು ನೀವೀಗ ಇಲ್ಲ, ನಿಮ್ಮ ಪುಣ್ಯ.

ಒಂದು ಕೇಳಿಕೆ. ಬೇಸರವಾದರೆ ಬೇಸರವೆಂದೇ ಹೇಳಿ, ಹೇಳಿ ನೆಲದ ಮೇಲೆ ಕೂತುಬಿಡಿ. ಮಕ್ಕಳಿಗೆ ಹೇಗೂ ಗೊತ್ತಾಗುತ್ತದೆ. ನಿಮ್ಮ ನೆಪ ಮಾತ್ರ ನಮಗೆ ಕಳಿಸಬೇಡಿ.

ಇವತ್ತು ಬೆಳಿಗ್ಗೆ ನಾನು ಮಂಚದ ಕೆಳಗೆ ತಲೆ ತೂರಿಸಿ, "ಬ್ಯಾಸರಾಗತೈತಿ ಖರೆ, ಆದ್ರೂ ಬರ್ತೀನಿ," ಎಂದೆ. ಚಿನ್ನವ್ವ ನನ್ನನ್ನು ಕಣ್ಣಲ್ಲೇ ಅಳೆದಳು.

"ಹಂಗಾರ ನೀ ಕಲ್ಲಾಗು. ಕಲ್ಲು ಮಾತಾಡಂಗಿಲ್ಲ ಮತ್ತ."

ಬಾಯಿಂದಲೇ ಬದುಕಿದವಳಿಗೆ ಎಂಥ ವೇಷ ಕೊಟ್ಟಳು ನೋಡಿ. ಆಗಿನಿಂದ ಅವಳ ಆಟದ ಮನೆಯ ಹಿತ್ತಲಲ್ಲಿ ಬಿದ್ದಿದ್ದೇನೆ. ನನ್ನ ಮೇಲೆ ಸೊಪ್ಪು ಜಜ್ಜಿದ್ದಾಳೆ, ಬಟ್ಟೆ ಒಗೆದಿದ್ದಾಳೆ. ಅವಳು ಮುಖ ತಿರುಗಿಸಿದಾಗೆಲ್ಲ ಈ ಕಾಗದದ ಒಂದೊಂದು ಸಾಲು ಗೀಚಿದ್ದೇನೆ. ಈಗ ನೋಡಿಬಿಟ್ಟಳು.

"ಯವ್ವಾ! ಕಲ್ಲು ಬರಿಯಂಗೂ ಇಲ್ಲ!"