ಹಿಂದಿನ ಕೋಣೆಗೊಂದು ಫ್ಯಾನು

ಮಾರ್ಚ್ 9, ಮಧ್ಯಾಹ್ನ

ಊಟವಾಯಿತು. ಮಾತ್ರೆಯೂ ಆಯಿತು. ಹಾಲಿನ ಮಂಚದ ಮೇಲೆ ಕಾಲು ಚಾಚಿದ್ದೇ ತಡ, ಮೇಲೆ ಶುರು. ಟಕ್... ಟಕ್... ನಡುವೆ ಏನನ್ನೋ ಎಳೆದಂಥ ಸದ್ದು. ಮತ್ತೆ ಟಕ್. ಮಹಡಿಯಲ್ಲಿರುವವನು ನನ್ನ ಸ್ವಂತ ತಮ್ಮ. ಕುರ್ಚಿ ಎಳೆದಾಡುತ್ತಾನೋ, ಮನೆಯೊಳಗೇ ಬಡಗಿ ಕೆಲಸ ಹಚ್ಚಿಕೊಂಡಿದ್ದಾನೋ. ಬೇಕಂತಲೇ ಮಾಡುವುದು — ನಾನು ಮಲಗುವ ಹೊತ್ತು ಅವನಿಗೆ ಗೊತ್ತಿಲ್ಲವೇ? ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಇದಕ್ಕೊಂದು ಪದ ಹೇಳಿಕೊಟ್ಟಿದ್ದರು. ಪ್ರೊವೊಕೇಶನ್. ಅದರ ಹಿಂದೆ ಇನ್ನೊಂದು ಪದ ಬರುತ್ತಿತ್ತು... ವಿಲ್‌ಫುಲ್? ವಿಲ್‌ಫುಲ್ ಪ್ರೊವೊಕೇಶನ್. ಇರಬೇಕು.

ಜೇಡರಬಲೆ ತೆಗೆಯುವ ಕೋಲಿನಿಂದ ಸೂರಿಗೆ ನಾಲ್ಕು ಕುಟ್ಟಿದೆ. ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್.

ಸಾಕು. ಹಿಂದಿನ ಕೋಣೆಗೆ ಮಂಚ ಸಾಗಿಸುವುದೇ ಸರಿ. ಇವಳ, ನನ್ನ ಹೆಂಡತಿಯ, ಹೊಲಿಗೆ ಮಷಿನ್ ಇದ್ದ ಕೋಣೆ. ಇವಳು ತೀರಿಹೋದ ಮೇಲೆ ಅಲ್ಲಿ ಹಳೇ ಪೇಪರು, ಖಾಲಿ ಡಬ್ಬ, ಎಸೆಯಲು ಮನಸ್ಸಾಗದ ಸಾಮಾನು. ಗಾಳಿ ಆಡುವುದಿಲ್ಲ. ಫ್ಯಾನು ಹಾಕಿಸಬೇಕು.

ಮಾರ್ಚ್ 11

ಎಲೆಕ್ಟ್ರಿಷಿಯನ್ ಬಂದ. ಬಂದದ್ದೇ ಪುಣ್ಯ. ಏನು ಕೇಳಿದರೂ “ನಾಳೆ ಸಾರ್” ಅನ್ನುವ ಆಸಾಮಿ. ನಾನು ಇಟ್ಟ ಹೆಸರು ನಾಳೆಯಪ್ಪ. ಏಣಿ ಹತ್ತಿ ಸೂರನ್ನೆಲ್ಲ ತಡವಿದ.

“ಹುಕ್ಕೇ ಬಿಟ್ಟಿಲ್ವಲ್ಲ ಸಾರ್ ಇಲ್ಲಿ. ಕಟ್ಟಿಸ್ದೋರು ಯಾರು?”

“ನಮ್ಮಪ್ಪ.”

“ಅವ್ರಿಗೆ ಸೆಖೇನೇ ಆಗ್ತಿರ್ಲಿಲ್ವಾ?”

ಹಳೇ ತಾರಸಿ. ಕೆಳಗಿನಿಂದ ಬೋಲ್ಟು ಹೊಡೆದರೆ ಉದುರುತ್ತದಂತೆ. ಆರಪಾರ ತೂತು ಕೊರೆದು, ಮೇಲಿನಿಂದ ಬೋಲ್ಟು ಇಳಿಸಿ, ಮೇಲಿನ ನೆಲದಲ್ಲಿ ಕಬ್ಬಿಣದ ತಟ್ಟೆ ಕೂರಿಸಿ ಬಿಗಿಯಬೇಕಂತೆ. “ಮೇಲಿನೋರನ್ನ ಒಂದ್ಮಾತು ಕೇಳ್ಬಿಡಿ ಸಾರ್. ಅವ್ರ ನೆಲ ಅಲ್ವಾ?”

ಅದೇ ನೋಡು. ನನ್ನ ಸೂರು ಅವನ ನೆಲ. ಅಪ್ಪ ತೀರಿಕೊಂಡ ಮೇಲೆ ಕೆಳಗಿನದು ನನಗೆ, ಮೇಲಿನದು ಅವನಿಗೆ ಎಂದಾಯಿತು. ನೀರಿನ ಟ್ಯಾಂಕು ಯಾರ ತಲೆಯ ಮೇಲೆ ಕೂರಬೇಕು ಎಂಬಲ್ಲಿ ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ಹೋಯಿತು. ಇವಳು ಇರುವಷ್ಟು ದಿನ ಇವಳ ಮೂಲಕ ಮೇಲಿನ ಸುದ್ದಿ ಕೆಳಗೆ, ಕೆಳಗಿನದು ಮೇಲೆ. ಈಗ ಆ ಲೈನೂ ಕಟ್ಟು. ಚಳಿಗಾಲವಿಡೀ ಮಗಳ ಮನೆಯಲ್ಲಿದ್ದು ಬಂದೆ. ಬಂದಾಗಿನಿಂದ ಅವನನ್ನು ಮೆಟ್ಟಿಲ ಮೇಲೆ ಒಮ್ಮೆಯೂ ಕಂಡಿಲ್ಲ. ಮುಖ ತಪ್ಪಿಸಿಕೊಂಡು ಓಡಾಡುತ್ತಾನೆ.

ಅವನ ಮುಂದೆ ಹೋಗಿ ನಿಂತು ಕೇಳುವುದೇ? ಓವರ್ ಮೈ... ಏನೋ ಒಂದು. ಮುಂದಿನದು ಮರೆತೆ.

ಮಾರ್ಚ್ 16

ಗೆದ್ದೆ. ಸದ್ದಿಲ್ಲ. ನಿನ್ನೆಯೂ ಇರಲಿಲ್ಲ. ಕೋಲಿನ ಭಾಷೆ ಅರ್ಥವಾಗುತ್ತದೆ ಎಂದಾಯಿತು. ಪೀಸ್‌ಫುಲ್ ಕೋ-ಎಕ್ಸಿಸ್ಟೆನ್ಸ್!

ಆದರೂ ಫ್ಯಾನು ತಂದುಬಿಟ್ಟೆ. ಬಿಳಿಯದು. ಮಗಳಿಗೆ ಫೋನಿನಲ್ಲಿ ಹೇಳಿದರೆ ನಗುತ್ತಾಳೆ.

“ಸದ್ದು ನಿಂತ್ಮೇಲೆ ಮತ್ಯಾಕಪ್ಪ ಫ್ಯಾನು?”

“ನಿಮ್ಮ ಚಿಕ್ಕಪ್ಪನ್ನ ನಂಬಕ್ಕಾಗಲ್ಲಮ್ಮ.”

“ನೀವಿಬ್ರೂ ಸ್ಕೂಲು ಬಿಟ್ಟು ಎಷ್ಟು ವರ್ಷ ಆಯ್ತು, ಹೇಳು?”

ಅವಳಮ್ಮನ ನಾಲಿಗೆ. ಹಾಗೇ ಇಳಿದು ಬಂದಿದೆ.

ಮಾರ್ಚ್ 20, ಮೂರು ಗಂಟೆ

ಜೊಂಪು ಹತ್ತಿತ್ತಷ್ಟೆ. ಧಡ್ — ಸೂರೇ ಕಳಚಿತೇನೋ! ಬೀರು ಕೆಡವಿದರೋ ಏನೋ. ಕೋಲು ತೆಗೆದುಕೊಂಡು ಕೈ ನೋಯುವಷ್ಟು ಕುಟ್ಟಿದೆ. ಆಮೇಲೆ ಏನೋ ಪರಚಿದ ಹಾಗೆ ಸಣ್ಣ ಸದ್ದು. ಅದಕ್ಕೂ ಕುಟ್ಟಿದೆ. ನಿಂತಿತು.

ನಿದ್ದೆ ಹಾಳು. ಟೀಗಿಟ್ಟ ಹಾಲೂ ಉಕ್ಕಿತು. ಅದಕ್ಕೂ ಅವನೇ ಕಾರಣ.

ಏಪ್ರಿಲ್ 2

ಮೇಲೆ ಪೂರ್ತಿ ನಿಶ್ಶಬ್ದ. ಆದರೆ ಸೆಖೆ... ಹಾಲಿನ ಗೋಡೆ ಮುಟ್ಟಿದರೆ ಬಾಣಲೆ. ಹಿಂದಿನ ಕೋಣೆಯಾದರೂ ನೆರಳಿನ ಕಡೆ ಇದೆ. ನಾಳೆಯಪ್ಪನನ್ನು ಕರೆಸಿ ಮೇಲೆ ಕಳಿಸಿದೆ. “ನಾನು ಕಳಿಸ್ದೆ ಅಂತ ಹೇಳ್ಬೇಡ. ನೀನೇ ಕೇಳ್ದಂಗೆ ಕೇಳು.”

ಬೇಗ ಇಳಿದು ಬಂದ. ಬಂದವನೇ ಫ್ಯಾನಿನ ಡಬ್ಬದ ಮೇಲೆ ಕೂತುಬಿಟ್ಟ.

“ಒಪ್ಪಿದ್ರು ಸಾರ್. ‘ಅಣ್ಣಂಗೆ ಸೆಖೆ ತಡೆಯಲ್ಲ, ಬೇಗ ಹಾಕ್ಕೊಡು’ ಅಂದ್ರು. ನಂಗೆ ಮೊದ್ಲು ತಿಳೀಲಿಲ್ಲ, ಅಮ್ಮಾವ್ರು ಬಿಡಿಸಿ ಹೇಳಿದ್ರು. ಬಾಯಿ ಒಂದ್ಕಡೆ ಹೋಗಿದೆಯಲ್ಲ.”

“ಯಾರ ಬಾಯಿ?”

“ನಿಮ್ಮ ತಮ್ಮಂದು ಸಾರ್. ಬಲಗೈ, ಬಲಗಾಲು ಎರಡೂ ಸರಿಯಾಗಿ ಸ್ವಾಧೀನಕ್ಕೆ ಬರಲ್ಲ. ಮಲಗಿದಲ್ಲೇ ಇದಾರೆ.” ನನ್ನ ಮುಖ ನೋಡಿದ. “ಅಯ್ಯೋ... ಒಂದೇ ಗೇಟು ಸಾರ್ ನಿಮ್ಮಿಬ್ರಿಗೂ!”

ತೂತು ಬರುವುದು ಸರಿಯಾಗಿ ಅವನ ಮಂಚದ ಅಡಿಗಂತೆ.

ಏಪ್ರಿಲ್ 3

ಬರೆಯಲು ಕೂತೆ. ಎದ್ದೆ.

ಏಪ್ರಿಲ್ 4

ಹೋದೆ. ಅರ್ಧ ಮೆಟ್ಟಿಲು ಹತ್ತಿ ಇಳಿದು, ಮತ್ತೆ ಹತ್ತಿದೆ. ತಮ್ಮನ ಹೆಂಡತಿ ಬಾಗಿಲು ತೆಗೆದಳು. “ಬನ್ನಿ ಭಾವ” ಅಂದಳು, ನಿನ್ನೆ ತಾನೇ ಬಂದು ಹೋದವನನ್ನು ಕರೆಯುವ ಹಾಗೆ.

ಅವನು ಮಲಗಿದ್ದ. ಬಟ್ಟೆ ಮಡಿಸುತ್ತ ಹೇಳಿದಳು, ತಗ್ಗಿದ ದನಿಯಲ್ಲಿ. ಲಕ್ವ ಹೊಡೆದದ್ದು ನಾನು ಮಗಳ ಮನೆಯಲ್ಲಿದ್ದಾಗ. “ನಿಮಗೆ ಹೇಳೋಣ ಅಂದೆ. ‘ಮೊಮ್ಮಕ್ಕಳ ಜೊತೆ ಇದಾನೆ, ಬಿಡು’ ಅಂದ್ರು. ನೀವು ಬಂದ್ಮೇಲೂ ಅಷ್ಟೇ. ‘ನಡೆಯೋ ಹಾಗಾದ್ರೆ ನಾನೇ ಇಳಿದು ಹೋಗ್ತೀನಿ’ ಅಂತ ಒಂದೇ ಹಠ. ವಾಕರ್ ಹಿಡ್ಕೊಂಡು ಹಾಲಲ್ಲಿ ಓಡಾಡೋರು. ಆ ಸದ್ದಿಗೇ ನೀವು ಕುಟ್ತಿದ್ದಿದ್ದು.”

ನನ್ನ ಕಣ್ಣು ಮೂಲೆಯಲ್ಲಿದ್ದ ವಾಕರಿನ ಮೇಲೆ ಹೋಯಿತು.

“ಆಮೇಲೆ ವಾಕರಿನ ಕಾಲಿಗೆಲ್ಲ ಹಳೇ ಬಟ್ಟೆ ಕಟ್ಟಿಸ್ಕೊಂಡ್ರು. ಅಣ್ಣನ ನಿದ್ದೆ ಕೆಡತ್ತೆ ಅಂತ. ಬಟ್ಟೆ ನೆಲದ ಮೇಲೆ ಜಾರ್ತು ಭಾವ. ನಾನು ಆಫೀಸಲ್ಲಿದ್ದೆ. ಬಿದ್ದಾಗ ನೀವು ಕುಟ್ಟಿದ್ದು ಕೇಳ್ಸ್ತಂತೆ. ಸದ್ಯ, ಅಣ್ಣಂಗೆ ಗೊತ್ತಾಯ್ತು, ಈಗ ಬರ್ತಾನೆ ಅಂತ ಧೈರ್ಯವಾಗಿ ಮಲಗಿದ್ರಂತೆ. ನಾನು ಬರೋವರ್ಗೂ.”

ಸೀರೆಯ ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂಳೆ ಮುರಿದಿಲ್ಲ. ಆದರೆ ಅವತ್ತಿನಿಂದ ನೆಲಕ್ಕೆ ಕಾಲಿಡಲು ಒಲ್ಲೆ ಅನ್ನುತ್ತಾನಂತೆ. ವ್ಯಾಯಾಮ ಮಾಡಿಸುವ ಹೆಂಗಸು ಬರುತ್ತಾಳೆ, ಗೋಗರೆಯುತ್ತಾಳೆ, ಹೋಗುತ್ತಾಳೆ. ಈ ತಿಂಗಳುಗಳಲ್ಲಿ ಕಾಲಿಗೆ ಬಂದ ಶಕ್ತಿಯೇ ಬಂದದ್ದು, ಆಮೇಲೆ ಕಷ್ಟ ಅಂದಿದ್ದಾಳಂತೆ. ಮಂಚವನ್ನು ಹಿಂದಿನ ಕೋಣೆಗೆ ಹಾಕಿಸಿಕೊಂಡಿದ್ದೂ ನನಗಾಗಿ. ಹಾಲಿನಲ್ಲಿ ಅಣ್ಣ ಮಲಗುತ್ತಾನೆ, ತೊಂದರೆ ಬೇಡ ಎಂದು. ಇಲ್ಲಿ ನಾನು ಹಿಂದಕ್ಕೆ ಹೋಗಲು ಫ್ಯಾನು ತರುತ್ತಿದ್ದೇನೆ, ಅಲ್ಲಿ ಅವನು...

ಅವನಿಗೆ ಎಚ್ಚರವಾದಾಗ ಕೋಣೆಗೆ ಹೋದೆ. ನನ್ನನ್ನೇ ನೋಡಿದ. ನಾಲಿಗೆ ಹೊರಳಿಸಲು ಹೆಣಗಿದ. ಇಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು:

“ಫ್ಯಾನು... ಯಾವ ಬಣ್ಣ?”

“ಬಿಳಿ.”

“ಒಳ್ಳೇದು. ಧೂಳು... ಕಾಣತ್ತೆ.”

ಏಪ್ರಿಲ್ 6

ಫ್ಯಾನೂ ಬೇಡ ಏನೂ ಬೇಡ, ಹೋಗು ಅಂದೆ ನಾಳೆಯಪ್ಪನಿಗೆ. ಅಷ್ಟರಲ್ಲಿ ತಮ್ಮನ ಹೆಂಡತಿ ಮೆಟ್ಟಿಲಿಳಿದು ಓಡಿ ಬಂದಳು.

“ಬೇಡ ಅನ್ಬೇಡಿ ಭಾವ! ಬೋಲ್ಟ್ ಹಾಕಕ್ಕೆ ಬರ್ತಾರೆ, ಮಂಚ ಸರಿಸ್ಬೇಕು ಅಂದಿದ್ದಕ್ಕೆ, ತಾವಾಗೇ ಕಾಲು ಇಳಿಬಿಟ್ಟು ನನ್ನ ಹೆಗಲು ಹಿಡ್ಕೊಂಡು ನಿಂತ್ರು. ಕುರ್ಚೀಲಿ ಕೂತಿದಾರೆ. ಬಿದ್ದಾಗಿನಿಂದ ಮೊದಲ್ನೇ ಸಲ!”

ನಾಳೆಯಪ್ಪನನ್ನು ಕತ್ತು ಹಿಡಿದು ಮೇಲೆ ಕಳಿಸಿದೆ. “ಏನೂ ಕೊರೀಬೇಡ. ಸುಮ್ನೆ ಅಳತೆ ತಗೋ. ಕೊರೆಯೋದು ನಾಳೆ ಅನ್ನು.”

“ಸಾರ್, ಇಷ್ಟು ವರ್ಷದ ಸರ್ವೀಸಲ್ಲಿ ನಾಳೆ ಬಾ ಅಂತ ಬೇಡ್ಕೊಂಡೋರು ನೀವೊಬ್ರೇ.”

ಏಪ್ರಿಲ್ 12

ಫ್ಯಾನಿನ ಕೆಲಸ ಭರದಿಂದ ಸಾಗಿದೆ, ಅಂದರೆ ಸಾಗಿಲ್ಲ. ಒಂದು ದಿನ ಗುರುತು. ಒಂದು ದಿನ ಗುರುತು ತಪ್ಪಾಯಿತು ಎಂದು ಒರೆಸುವುದು. ಇನ್ನೊಂದು ದಿನ ಡ್ರಿಲ್ ಕೆಟ್ಟಿತು. ಅದು ನಿಜವಾಗಿಯೂ ಕೆಟ್ಟಿತು, ಯಾರೂ ನಂಬಲಿಲ್ಲ. ಪ್ರತಿ ದಿನವೂ ಮಂಚ ಸರಿಸಬೇಕು, ಅವನು ಏಳಬೇಕು, ಕುರ್ಚಿಗೆ ಬರಬೇಕು. ಒಂದು ಕಡೆ ಅವಳು, ಇನ್ನೊಂದು ಕಡೆ ನಾನು. ಕುರ್ಚಿಯನ್ನು ದಿನಕ್ಕಿಷ್ಟು ದೂರ ದೂರ ಇಡುತ್ತಿದ್ದೇನೆ. ಸ್ಟ್ರ್ಯಾಟಜಿ!

ವಾಕರಿನ ಬಟ್ಟೆಯನ್ನೆಲ್ಲ ನಾನೇ ಬಿಚ್ಚಿ ಎಸೆದೆ. ಆದರೂ ಅದನ್ನು ನೆಲಕ್ಕೆ ಊರದೆ ಎತ್ತಿ ಎತ್ತಿ ಇಡುತ್ತಾನೆ.

“ಊರೋ! ಕೆಳಗೆ ಯಾರಿದಾರೆ? ನಾನು ಇಲ್ಲೇ ಇದೀನಲ್ಲೋ!”

ನಕ್ಕ. ಅರ್ಧ ಮುಖದಲ್ಲಿ.

ಇವಳು ಇದ್ದಿದ್ದರೆ ಹೇಳಿಬಿಡುತ್ತಿದ್ದೆ: ನೋಡು, ಕೆಟ್ಟದ್ದನ್ನು ರಿಪೇರಿ ಮಾಡುತ್ತಿದ್ದೇನೆ.

ಏಪ್ರಿಲ್ 17

ಇವತ್ತಿನ ನೆಪ: ತಟ್ಟೆ ಸೊಟ್ಟಗಿದೆ, ಬೇರೆ ತರಬೇಕು. ಏಳಿಸಲು ಹೆಗಲು ಕೊಟ್ಟೆ. ಏಳಲಿಲ್ಲ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದ.

“ಅಣ್ಣ... ನಿನ್ನ ಫ್ಯಾನು... ಯಾವಾಗ ಮುಗಿಯತ್ತೆ?”

“ಯಾಕೋ? ಇನ್ನೂ ಕೆಲಸ ಇದೆ.”

“ಮುಗ್ಸು. ನೋಯತ್ತೆ. ನಿಂಗೆ ಬೇಕು ಅಂತ... ಎದ್ದೆ.”

ಬೆವರು ಅವನ ಕಿವಿಯ ಹಿಂದೆ ಇಳಿಯುತ್ತಿತ್ತು. ಇಷ್ಟು ದಿನವೂ ಇಳಿದಿರಬೇಕು. ನಾನು ಕುರ್ಚಿಯ ದೂರವನ್ನಷ್ಟೇ ನೋಡುತ್ತಿದ್ದೆ. ಅವನ ಹೆಂಡತಿಯೂ ತಲೆ ತಗ್ಗಿಸಿದಳು. ಮಲಗಿದ ಮೇಲೆ ತೊಡೆ ಉಜ್ಜುವವಳು ಅವಳು, ಅವಳಿಗೆ ಗೊತ್ತಿತ್ತು. “ನಿಮ್ಮುತ್ಸಾಹ ನೋಡಿ ಹೇಳ್ಬೇಡ ಅಂದಿದ್ರು ಭಾವ.”

ಸದ್ದು ಮಾಡಬೇಡ ಅಂದಾಗ ಬಟ್ಟೆ ಕಟ್ಟಿಕೊಂಡ. ಏಳು ಅಂದಾಗ ಹಲ್ಲು ಕಚ್ಚಿ ಎದ್ದ. ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳಲಿಲ್ಲ. ಕೋಲು ಬಿಟ್ಟು ಹೆಗಲು ಕೊಟ್ಟೆ, ಅಷ್ಟೇ ವ್ಯತ್ಯಾಸ.

ನಾಳೆಯಪ್ಪನಿಗೆ ಫೋನ್ ಮಾಡಿದೆ. “ಇವತ್ತೇ ಬಂದು ಮುಗಿಸ್ಬಿಡಪ್ಪ.”

“ನಾಳೆ ಸಾರ್.”

ಏಪ್ರಿಲ್ 18, ಸಂಜೆ

ನಾಳೆಯಪ್ಪ ಬರಲಿಲ್ಲ. ಫ್ಯಾನು ಡಬ್ಬದಲ್ಲೇ ಇದೆ.

ಮೇಲೆ ಹೋದೆ. ಕೈಯಲ್ಲಿ ಟೇಪಿಲ್ಲ, ತಟ್ಟೆಯಿಲ್ಲ, ನೆಪವಿಲ್ಲ. ಬಾಗಿಲಲ್ಲಿ ನಿಂತುಕೊಂಡೆ. ಎಡಗೈಯಿಂದ ಹಾಸಿಗೆಯ ಅಂಚನ್ನು ಒರೆಸಿ ಜಾಗ ಮಾಡಿದ. ಕೂತೆ. ಕೇಳಿದೆ.

“ನಿಂಗೇನಾದ್ರೂ ಬೇಕೇನೋ?”

ಯೋಚಿಸಿದ. ಯಾರೂ ಕೇಳಿರಲಿಲ್ಲವೇನೋ ಎಂಬಂತೆ ಯೋಚಿಸಿದ.

“ಮಂಚ... ಕಿಟಕಿ ಕಡೆ ತಿರುಗ್ಸು. ಬಾಗ್ಲು ನೋಡಿ ನೋಡಿ... ಸಾಕಾಯ್ತು.”

ನಗುತ್ತ ಅಂದನೋ, ಬಾಯಿ ಇರುವುದೇ ಹಾಗೋ, ತಿಳಿಯಲಿಲ್ಲ. ಅವನನ್ನು ಏಳಿಸಲಿಲ್ಲ. ಮಲಗಿದ್ದ ಹಾಗೆಯೇ, ತಲೆಯ ಕಡೆ ಅವನ ಹೆಂಡತಿ, ಕಾಲಿನ ಕಡೆ ನಾನು, ಸ್ವಲ್ಪ ಸ್ವಲ್ಪವಾಗಿ ತಿರುಗಿಸಿದೆವು. ಕಿಟಕಿಯಲ್ಲಿ ಅಂಥದ್ದೇನೂ ಇಲ್ಲ. ಎದುರು ಮನೆಯ ಗೋಡೆ, ಒಣಗಲು ಹಾಕಿದ ಬಟ್ಟೆ. ಅದನ್ನೇ ನೋಡುತ್ತಿದ್ದ. ನಾನೂ ನೋಡಿದೆ. ಆಮೇಲೆ, ಆ ದಿನ ನಾನು ಮೇಲೆ ಹತ್ತಿ ಬಂದಿದ್ದರೆ ಎಂದು ಬಾಯಿ ತೆರೆದೆ, ಅವನು ಬೇಡ ಎಂಬಂತೆ ಕೈ ಆಡಿಸಿ ಕಿಟಕಿಯತ್ತ ತೋರಿಸಿದ. ಎದುರಿನ ಬಟ್ಟೆ ಗಾಳಿಗೆ ಆಡುತ್ತಿತ್ತು.