ಒಂಬತ್ತನೆಯ ಕಾರ್ಡು

ಜೂನ್ 3, ಬೆಳಿಗ್ಗೆ 6

ಇವತ್ತೂ ಮೂವತ್ತು ಕಾರ್ಡು ಬರೆದೆ. ಮುಂದೆ ಸ್ಪ್ಯಾನಿಷ್, ಹಿಂದೆ ಇಂಗ್ಲಿಷ್, ಪಕ್ಕದಲ್ಲಿ ಕನ್ನಡ. ವಾರಗಿತ್ತಿಗೆ ಪಾಠ. ನಮ್ಮ ಆಫೀಸಿನ ಅನುವಾದದ ಟೇಬಲ್ಲಿನಲ್ಲಿ ಒಂದು ಸೀಟು ಖಾಲಿ ಇದೆ ಎಂದು ಊಟಕ್ಕೆ ಕೂತಾಗ ಬಾಯಿ ಬಿಟ್ಟವಳು ನಾನೇ. ಈ ಬಾಯಿಗೆ ಬೀಗ ಹಾಕಬೇಕು.

ಕಲಿಸುವುದೇನೂ ಕಷ್ಟವಲ್ಲ. ಎರಡು ವರ್ಷ ಸಂಜೆ ಕ್ಲಾಸಿಗೆ ಹೋದವಳು, ವ್ಯಾಕರಣ ನನಗಿಂತ ಚೆನ್ನಾಗಿದೆ. ಪದ ಕಮ್ಮಿ, ಅಷ್ಟೆ. ಆ ಎರಡು ಭಾಷೆಗಳದ್ದೋ ದಾಯಾದಿ ಸಂಬಂಧ. ಹಾಸ್ಪಿಟಲ್ ಅಲ್ಲಿ ಓಸ್ಪಿತಾಲ್, ನೇಷನ್ ಅಲ್ಲಿ ನಾಸಿಯೋನ್, ಫ್ಯಾಮಿಲಿ ಅಲ್ಲಿ ಫಮಿಲಿಯಾ. ಮುಖ ನೋಡಿಯೇ ಗುರುತು ಹಿಡಿಯಬಹುದು. ಆದರೆ ಮುಖ ಒಂದೇ ಇದ್ದು ಒಳಗೆ ಬೇರೆ ಇರುವವೂ ಇವೆ. ಆಫೀಸಿನಲ್ಲಿ ಅವಕ್ಕೆ ಫಾಲ್ಸ್ ಫ್ರೆಂಡ್ ಅನ್ನುತ್ತೇವೆ. ಕಾರ್ಪೆತಾ ಎಂದರೆ ಕಾರ್ಪೆಟ್ ಅಲ್ಲ, ಫೈಲು. ಹೊಸದರಲ್ಲಿ ನಾನೊಮ್ಮೆ ‘ದಾಖಲೆಗಳನ್ನು ಕಾರ್ಪೆಟ್ಟಿನೊಳಗಿಡಿ’ ಎಂದು ಬರೆದಾಗ ಇಡೀ ಆಫೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ವಾರಗಿತ್ತಿಯ ಮಗಳು ಗುಬ್ಬಿ ಎದ್ದಳು. ಜಡೆ ಹಾಕಬೇಕು. ನಾನು ಹಾಕಿದರೇ ಆಗಬೇಕು ಅವಳಿಗೆ.

ಜೂನ್ 5

ಅತ್ತೆ ವಾರಗಿತ್ತಿಗೆ ತೀರ್ಮಾನ ಹೇಳಿದರು. ಮೈದುನ ತೀರಿಕೊಂಡು ವರ್ಷವಾಗುತ್ತ ಬಂತು, ಹೀಗೇ ಎಷ್ಟು ದಿನ ಅಂತ.

“ಕೆಲಸ ಸಿಕ್ಕಿದ್ರೆ ಒಳ್ಳೇದಾಯ್ತು. ಬೇರೆ ರೂಮು ಮಾಡ್ಕೊಂಡು ಮಗಳನ್ನ ಕರ್ಕೊಂಡು ಹೋಗು. ಸಿಗ್ಲಿಲ್ಲ ಅಂದ್ರೆ ನಿಮ್ಮಣ್ಣನ ಮನೆಗೆ ಹೊರಡು.”

“ಅಲ್ಲಿ ಎರಡು ರೂಮಲ್ಲಿ ಐದು ಜನ ಇದ್ದಾರೆ ಅತ್ತೆ. ನನ್ನೊಬ್ಬಳನ್ನಾದ್ರೆ ಸರಿ, ಮಗೂನ ಬೇಡ ಅಂದಿದ್ದಾನೆ ಅಣ್ಣ.”

“ಗುಬ್ಬಿ ಇಲ್ಲೇ ಇರ್ಲಿ. ಸ್ಕೂಲು ಇದೆ, ದೊಡ್ಡಮ್ಮ ಇದ್ದಾಳೆ.”

ದೊಡ್ಡಮ್ಮ ಇದ್ದಾಳೆ. ಆ ಮಾತು ಕಿವಿಗೆ ಬಿದ್ದಾಗ ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಿದೆ. ಹನ್ನೊಂದು ವರ್ಷ ಡಾಕ್ಟರರ ಬಾಗಿಲು ಸವೆಸಿದವಳು ನಾನು. ಇವಳಿಗೆ ಮದುವೆಯಾಗಿ ಹತ್ತೇ ತಿಂಗಳಿಗೆ ಗುಬ್ಬಿ.

ಜೂನ್ 6, ಬೆಳಿಗ್ಗೆ

ಎಂಟು ಕಾರ್ಡು ಸರಿ ಬರೆದೆ. ಒಂಬತ್ತನೆಯದು — ಅಸಿಸ್ತಿರ್. ಹಾಜರಾಗುವುದು ಎಂದರ್ಥ. ಹಿಂದೆ ‘ಅಸಿಸ್ಟ್, ಸಹಾಯ ಮಾಡು’ ಎಂದು ಬರೆದೆ.

ಬರಹ ಸೊಟ್ಟಗಾಗುತ್ತದೆ ಎಂದುಕೊಂಡಿದ್ದೆ. ಇಲ್ಲ. ಅಕ್ಷರ ಎಂದಿಗಿಂತ ದುಂಡಗೇ ಬಂತು.

ಜೂನ್ 11

ಎಂಟಕ್ಕೆ ಒಂದು. ಅದಕ್ಕಿಂತ ಹೆಚ್ಚಾದರೆ ಅನುಮಾನ ಬರುತ್ತದೆ. ಪರಿಯೆಂತೆ — ತಂದೆ ಅಥವಾ ತಾಯಿ; ನಿಜಕ್ಕೆ ನೆಂಟರು. ಎಕ್ಸಿತೊ — ಹೊರಬಾಗಿಲು; ನಿಜಕ್ಕೆ ಗೆಲುವು. ಕಾನ್ಸ್ತಿಪಾದೊ — ಮಲಬದ್ಧತೆ. ಪಾಪ, ಅದು ಬರೀ ನೆಗಡಿ. ಬರೆಯುವಾಗ ನನಗೇ ನಗು ತಡೆಯಲಾಗಲಿಲ್ಲ.

ಡಿಕ್ಷನರಿ ಮುಟ್ಟಬಾರದೆಂದು ಕಟ್ಟುನಿಟ್ಟು ಮಾಡಿದ್ದೇನೆ. “ಪರೀಕ್ಷೇಲಿ ಡಿಕ್ಷನರಿ ಕೊಡಲ್ಲ. ನೋಡಿದ ಕೂಡ್ಲೆ ಇಂಗ್ಲಿಷ್ ಅರ್ಥ ಹೊಳೀಬೇಕು. ಕಾರ್ಡು ಬಿಟ್ಟು ಬೇರೇನೂ ನೋಡ್ಬೇಡ, ತಲೆ ಕಲಸುಮೇಲೋಗರ ಆಗುತ್ತೆ.” ತಲೆಯಾಡಿಸಿದಳು. ಬಟ್ಟೆ ಒಗೆಯುವಾಗಲೂ ಸೆರಗಿಗೆ ಕಾರ್ಡು ಸಿಕ್ಕಿಸಿಕೊಂಡಿರುತ್ತಾಳೆ. ಒದ್ದೆಯಾದರೆ ಹೊಸದು ಬರೆದುಕೊಡುತ್ತೇನೆ. ನನ್ನಷ್ಟು ತಾಳ್ಮೆ ಯಾರಿಗಿದೆ?

“ಒಡಹುಟ್ಟಿದವಳೂ ಇಷ್ಟು ಮಾಡಲ್ಲ ಅಕ್ಕಾ” ಅಂದಳು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಎಷ್ಟು ಸುಲಭಕ್ಕೆ ನಂಬುತ್ತಾಳೆ! ಇಂಥವಳು ಹೊರಗೆ ಒಬ್ಬಳೇ ಮಗು ಸಾಕುತ್ತಾಳಂತೆ.

ಜೂನ್ 18, ಸಂಜೆ

ಇವತ್ತು ಸಿಕ್ಕಿಬೀಳುವುದರಲ್ಲಿದ್ದೆ.

“ಅಕ್ಕಾ, ಲಿಬ್ರೆರಿಯಾ ಅಂದ್ರೆ ಪುಸ್ತಕದ ಅಂಗಡಿ ಅಲ್ವಾ? ಕ್ಲಾಸಲ್ಲಿ ಹಾಗೆ ಹೇಳಿದ ನೆನಪು. ಕಾರ್ಡಲ್ಲಿ ಲೈಬ್ರರಿ ಅಂತಿದೆ.”

ಇವರು ಪಕ್ಕದಲ್ಲೇ ಪೇಪರು ಓದುತ್ತಿದ್ದರು. ನಾನು ಸೌತೆಕಾಯಿ ಹೆಚ್ಚುತ್ತಿದ್ದೆ. ಹೆಚ್ಚುವುದು ನಿಲ್ಲಿಸಲಿಲ್ಲ.

“ಆರು ವರ್ಷದಿಂದ ಆ ಟೇಬಲ್ಲಲ್ಲಿ ಕೂತಿರೋದು ನಾನೋ, ನಿಮ್ಮ ಸಂಜೆ ಕ್ಲಾಸಿನ ಮೇಷ್ಟ್ರೋ? ನಂಬಿಕೆ ಇಲ್ಲ ಅಂದ್ರೆ ಬೇಡ. ನನಗೂ ಬೆಳಿಗ್ಗೆ ಒಂದು ಗಂಟೆ ನಿದ್ದೆ ಉಳಿಯುತ್ತೆ.”

ಅವಳ ಮುಖ ಸಣ್ಣದಾಯಿತು. “ತಪ್ಪಾಯ್ತು ಅಕ್ಕಾ. ನಂಗೇ ಸರಿಯಾಗಿ ನೆನಪಿಲ್ಲ.”

ಇವರು ಪೇಪರಿನ ಮೇಲಿಂದ ನೋಡಿ, “ಇಷ್ಟು ಕಷ್ಟಪಟ್ಟು ಹೇಳ್ಕೊಡ್ತಿದ್ದಾಳೆ, ಅವಳನ್ನೇ ಪರೀಕ್ಷೆ ಮಾಡ್ತೀಯಲ್ಲಮ್ಮಾ” ಅಂದರು. ಒಮ್ಮೆಯಾದರೂ ನನ್ನ ಪರ ವಹಿಸಿದರು. ಅದೂ ಇದಕ್ಕೆ...

ಜೂನ್ 30

ಪರೀಕ್ಷೆ. ಬೆಳಿಗ್ಗೆ ನನ್ನ ಒಳ್ಳೆಯ ಪೆನ್ನು ಕೊಟ್ಟು ಕಳಿಸಿದೆ.

ಜುಲೈ 4, ಆಫೀಸು, ಊಟದ ಬಿಡುವು

ಮೇಡಂ ಒಳಗೆ ಕರೆದು ಅವಳ ಪೇಪರು ಮುಂದಿಟ್ಟರು. ಅನುವಾದಕ್ಕೆ ಕೊಟ್ಟಿದ್ದು ಗರ್ಭಿಣಿ ಕೆಲಸಗಾರ್ತಿಯೊಬ್ಬಳ ಅರ್ಜಿ. ತನಗೆ ಈಗ ಭಾರ ಎತ್ತಲಾಗದು, ಹಗುರವಾದ ಕೆಲಸ ಕೊಡಿ ಎಂದು. ಎಂಬಾರಸಾದಾ ಎಂದರೆ ಬಸುರಿ. ಇವಳು ‘ನನಗೆ ಮುಜುಗರವಾಗಿದೆ, ಆದ್ದರಿಂದ ಭಾರ ಎತ್ತಲಾರೆ’ ಎಂದು ಬರೆದಿದ್ದಾಳೆ. ಮೇಡಂ ನಕ್ಕರು. ನಾನೂ ನಕ್ಕೆ.

“ವಾಕ್ಯ ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ನೋಡಿ. ಪದಗಳೇ ಕೈಕೊಟ್ಟಿವೆ. ಈ ತಪ್ಪು ಇಲ್ದಿದ್ರೆ ಇವರೇ ಫಸ್ಟು. ನೀವು ಸ್ವಲ್ಪ ಹೇಳ್ಕೊಡಬಾರದಿತ್ತೇನ್ರೀ?”

“ಹೇಳ್ದೆ ಮೇಡಂ. ತಲೆಗೆ ಹತ್ತಲಿಲ್ಲ.”

ಹನ್ನೆರಡು ಕೆಂಪು ಗೆರೆ. ಹನ್ನೆರಡೂ ನನ್ನವು.

ಜುಲೈ 5

ಒಂದು ಮಾತು ನನ್ನ ಮೇಲೆ ಬರುತ್ತದೆ ಎಂದು ಕಾದೆ. ಅತ್ತೆ ಕೇಳಿದ್ದಕ್ಕೆ, “ನಾನೇ ಸರಿಯಾಗಿ ಓದಲಿಲ್ಲ ಅತ್ತೆ. ಅಕ್ಕ ಎಲ್ಲಾ ಹೇಳ್ಕೊಟ್ಟಿದ್ರು” ಅಂದಳು. ತಟ್ಟೆಯಿಂದ ತಲೆ ಎತ್ತಲಿಲ್ಲ.

ಜುಲೈ 12

ಹೋದಳು. ಒಂದು ಟ್ರಂಕು, ಒಂದು ಕೈಚೀಲ. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಅವಳ ಸೊಂಟ ಬಿಡಲೇ ಇಲ್ಲ. ಬೆರಳು ಒಂದೊಂದಾಗಿ ಬಿಡಿಸಿದವಳು ನಾನು. ಏಳು ವರ್ಷದ ಬೆರಳಿಗೆ ಎಷ್ಟು ಬಲ!

ಬಸ್ಸು ತಿರುಗಿದ ಮೇಲೆ ಎತ್ತಿಕೊಂಡೆ. ನನ್ನ ಭುಜ ಕಚ್ಚಿದಳು. ಕಚ್ಚಲಿ.

ಜುಲೈ 29

ಎರಡು ವಾರ ಬರೆದಿಲ್ಲ. ಬಿಡುವಿಲ್ಲ, ಮಗುವಿರುವ ಮನೆ! ಇದನ್ನು ಬರೆಯಲು ಎಷ್ಟು ಹಿತವಾಗಿದೆ. ಸ್ಕೂಲಿನ ಫಾರ್ಮಿನಲ್ಲಿ ಪೋಷಕರು ಎಂಬಲ್ಲಿ ನನ್ನ ಸಹಿ. ಎರಡು ಸಲ ತಿದ್ದಿ ಬರೆದೆ. ಗುಬ್ಬಿ ಈಗ ಅಳುವುದಿಲ್ಲ. ಜಡೆ ಮಾತ್ರ ತಾನೇ ಹಾಕಿಕೊಳ್ಳುತ್ತಾಳೆ, ಸೊಟ್ಟಸೊಟ್ಟ.

ಆಗಸ್ಟ್ 20

ಅವಳ ಫೋನು.

“ಅಕ್ಕಾ, ಡಿಸೆಂಬರಲ್ಲಿ ಮತ್ತೆ ಪರೀಕ್ಷೆ ಇದೆಯಂತಲ್ಲ. ಫೋನಲ್ಲೇ ಹೇಳ್ಕೊಡ್ತೀರಾ? ನಿಮಗೆ ತೊಂದ್ರೆ ಬೇಡ, ಗುಬ್ಬಿ ಓದ್ಲಿ. ಅವಳು ಪದ ಹೇಳ್ಲಿ, ನಾನು ಅರ್ಥ ಹೇಳ್ತೀನಿ. ವಾರಕ್ಕೆ ಒಂದು ಸಲ ಸಾಕು.”

ಅಣ್ಣನ ಮನೆಯಲ್ಲಿ ಸುಮ್ಮನೆ ಹರಟಲು ಫೋನು ಕೊಡುವುದಿಲ್ಲವಂತೆ. ಪಾಠ ಎಂದರೆ ಕೊಡುತ್ತಾರಂತೆ. ಗುಬ್ಬಿ ಪಕ್ಕದಲ್ಲೇ ಕಿವಿ ನಿಗುರಿಸಿ ನಿಂತಿದ್ದಳು. ಇಲ್ಲ ಎನ್ನುವುದು ಹೇಗೆ? ಆಗಲಿ ಎಂದೆ. ಅದೇ ಕಾರ್ಡುಗಳು ಇವೆಯಲ್ಲ.

ಸೆಪ್ಟೆಂಬರ್ 7, ಸಂಜೆ

ಮೂರನೆಯ ಪಾಠ. ಗುಬ್ಬಿ ಟೀಚರಮ್ಮನ ಹಾಗೆ ಕುರ್ಚಿ ಮೇಲೆ ಮಂಡಿಯೂರಿ ಕೂರುತ್ತಾಳೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಅಮ್ಮ ಸರಿ ಹೇಳಿದರೆ ಚಪ್ಪಾಳೆ. ವಾರವೆಲ್ಲ ಇದೊಂದಕ್ಕೇ ಕಾಯುತ್ತಾಳೆ. ನನಗೆ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ನನ್ನ ಒಂಬತ್ತನೆಯ ಕಾರ್ಡುಗಳಿಗೂ ಅವಳು ಕಾರ್ಡಿನಲ್ಲಿದ್ದ ಅರ್ಥವನ್ನೇ ಹೇಳಿದಳು. ಸದ್ಯ.

ಸೆಪ್ಟೆಂಬರ್ 14, ಸಂಜೆ 6

ಇವತ್ತು ಗುಬ್ಬಿ ಅಸಿಸ್ತಿರ್ ಎಂದು ಓದಿದಳು. ಸ್ಪೀಕರಿನಲ್ಲಿ ಅವಳು ಥಟ್ಟನೆ, “ಅಟೆಂಡ್. ಹಾಜರಾಗೋದು” ಅಂದಳು. ಹೇಳಿಬಿಟ್ಟಳು, ಬಾಯಿ ತಪ್ಪಿ.

ಗೊತ್ತು ಅವಳಿಗೆ. ಯಾವಾಗಿನಿಂದ? ಪರೀಕ್ಷೆಯ ದಿನದಿಂದಲೇ? ತಟ್ಟೆಯಿಂದ ತಲೆ ಎತ್ತದೆ ಮಾತಾಡಿದಳಲ್ಲ, ಆವತ್ತೂ ಗೊತ್ತಿತ್ತೇ? ಹಾಗಿದ್ದರೆ ಇಷ್ಟು ವಾರ ಬೇಕೆಂದೇ ತಪ್ಪು ಹೇಳಿದಳು. ಜಗಳವಾದರೆ ಈ ಫೋನೂ ನಿಲ್ಲುತ್ತದೆಂದು.

“ತಪ್ಪೂ! ಅಮ್ಮಾ ತಪ್ಪೂ!” ಗುಬ್ಬಿ ಕುರ್ಚಿ ಮೇಲೆ ಕುಣಿದಳು. “ಸಹಾಯ ಮಾಡು ಅಂತಿದೆ ಇಲ್ಲಿ. ಅಲ್ವಾ ದೊಡ್ಡಮ್ಮ? ಯಾರದ್ದು ಸರಿ?” ಫೋನು ನನ್ನ ಬಾಯಿಯ ಹತ್ತಿರ ಹಿಡಿದಳು.

ಸತ್ಯ ಹೇಳಲು ಒಂದು ಕ್ಷಣ ಇತ್ತು. ಇತ್ತು, ನಿಜ.

“ಕಾರ್ಡಲ್ಲಿರೋದೇ ಸರಿ ಪುಟ್ಟಾ” ಎಂದೆ.

ಆ ಕಡೆಯಿಂದ ಅವಳು ನಿಧಾನವಾಗಿ, “ಹೌದು ಕಂದಾ. ದೊಡ್ಡಮ್ಮ ಹೇಳಿದ್ದೇ ಸರಿ. ನಂಗೇ ಮರೆತುಹೋಗಿತ್ತು. ಮುಂದಿನದು ಓದು... ನಿಲ್ಲಿಸ್ಬೇಡ, ಓದು” ಅಂದಳು.

ಗುಬ್ಬಿ ಮುಂದಿನ ಕಾರ್ಡು ತೆಗೆದಳು. ನಾನು ಅಲ್ಲೇ ನಿಂತು ಕೊನೆಯ ಕಾರ್ಡಿನವರೆಗೂ ಕೇಳಿದೆ.